ಕತ್ತಲೆಯಲ್ಲಿ ಕಂಡ ಮುಖ

ವ್ರತ, ಉಪವಾಸ, ತೀರ್ಥಯಾತ್ರೆಗಳ ಮಾತು ಬರುವ ಈ ಪುಟಗಳಲ್ಲಿ ಮನೆಯ ಹೊರಗೆ ತೂಗುಹಾಕುವ ಕ್ಯಾಮರಾದ ಮಾತೇಕೆ ಎಂದು ವಾಚಕರಿಗೆ ಅನ್ನಿಸಬಹುದು. ಬರೆಯಲು ಕುಳಿತಾಗ ನಮಗೂ ಹಾಗೆಯೇ ಅನ್ನಿಸಿತು. ಆದರೆ ಆ ಪುಟ್ಟ ಯಂತ್ರದ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ದೊಡ್ಡ ತಪ್ಪು ನಡೆದುಹೋಯಿತು. ಯಂತ್ರದ ದೆಸೆಯಿಂದ ಎಂದೆವು. ತಪ್ಪು ಮಾತ್ರ ನಮ್ಮದೇ. ಈಗ ಹಳ್ಳಿಗಳ ಮನೆಗಳಲ್ಲಿ, ತೋಟಗಳಲ್ಲಿ, ಬಸದಿಗಳಲ್ಲಿ ಕೂಡ ಕ್ಯಾಮರಾ ಕೂರಿಸುತ್ತಿದ್ದಾರೆ. ಕೂರಿಸುವ ಮೊದಲು ನಾಲ್ಕು ಮನೆಯವರಾದರೂ ಇದನ್ನು ಓದಲಿ ಎಂದು ಸಂಕೋಚ ಬಿಟ್ಟು ಬರೆಯುತ್ತಿದ್ದೇವೆ.

ನಮ್ಮೂರು ಅಸಂಗಿ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನದು. ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ತಾಲೂಕಿಗೆ ಮಳೆಯ ಆಸರೆ ಕಡಿಮೆ. ಹಿರಿಯರು ಜೋಳ, ಸಜ್ಜೆ ಬೆಳೆದ ಹೊಲಗಳಲ್ಲಿ ಈಗ ಹನಿ ನೀರಾವರಿಯ ದಾಳಿಂಬೆ, ದ್ರಾಕ್ಷಿ ನಿಂತಿವೆ. ನಮ್ಮದೂ ದಾಳಿಂಬೆಯ ತೋಟವೇ. ಮನೆ ಊರೊಳಗಿಲ್ಲ, ತೋಟದ ವಸ್ತಿಯಲ್ಲಿದೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆ. ಎಂಟು ಗಂಟೆಗೆ ದೀಪ ಆರುತ್ತದೆ. ಆಮೇಲೆ ಸುತ್ತ ಕತ್ತಲೆ, ನಾಯಿಯ ಬೊಗಳು, ಪಾಳಿಯ ಪ್ರಕಾರ ರಾತ್ರಿ ಕರೆಂಟು ಬಂದರೆ ಬಾವಿಯ ಮೋಟರಿನ ಸದ್ದು, ಇಷ್ಟೆ.

ಅಕ್ಕಪಕ್ಕದ ವಸ್ತಿಗಳಲ್ಲಿ ಮೋಟರಿನ ಕೇಬಲ್ ಕತ್ತರಿಸಿ ತಾಮ್ರ ಒಯ್ದದ್ದು ಕೇಳಿ, ನಾವೂ ಪೇಟೆಯ ಒಂದು ಅಂಗಡಿಯಿಂದ ಒಂದು ಕ್ಯಾಮರಾ ತಂದು ಪಡಸಾಲೆಯ ಸೂರಿನ ಕೆಳಗೆ ಕೂರಿಸಿದ್ದೆವು. ಡಬ್ಬಿಯ ಮೇಲೆ "ರಾತ್ರಿ 30 ಮೀಟರು" ಎಂದು ಬರೆದಿತ್ತು. ಮನೆಯಿಂದ ಗೇಟಿಗೆ 20 ಮೀಟರು. 30ರಲ್ಲಿ 20 ಬಂತಲ್ಲ ಎಂದು ನಮ್ಮ ಲೆಕ್ಕ. ಇನ್ನು ನಿಶ್ಚಿಂತೆ ಎಂದುಕೊಂಡೆವು.

2022ರ ಡಿಸೆಂಬರ್ ತಿಂಗಳ ಅಮಾವಾಸ್ಯೆ. ಅದಕ್ಕೆ ತಿಂಗಳ ಹಿಂದಷ್ಟೇ ಗಡಿಯ ಮಾತು, ನೀರಿನ ಮಾತು ಎದ್ದು ನಮ್ಮ ತಾಲೂಕಿನ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಬಂದಿತ್ತು. ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಮನೆಯಲ್ಲಿ ಮಾತ್ರ ದಾಳಿಂಬೆಯ ಮಾತು. ಮೃಗದ ಬಹಾರದ ಹಣ್ಣು ಕೊಯ್ಲಿಗೆ ಬಂದಿತ್ತು, ವ್ಯಾಪಾರಿ ನೋಡಿ ದರ ಹೇಳಿ ಹೋಗಿದ್ದ. ಕೊಯ್ಲಿಗೆ ಎರಡು ದಿನ ಇರುವಾಗ ಗೇಟಿನ ಬದಿಯ ನಾಲ್ಕು ಸಾಲು ಗಿಡಗಳನ್ನು ರಾತ್ರೋರಾತ್ರಿ ಯಾರೋ ಬರಿದು ಮಾಡಿದರು. ಇಪ್ಪತ್ತು ಕ್ರೇಟಿಗೆ ಕಡಿಮೆಯಿಲ್ಲದಷ್ಟು ಹಣ್ಣು.

ಬೆಳಿಗ್ಗೆ ಮನೆಮಂದಿಯೆಲ್ಲ ಮೊಬೈಲಿನ ಸುತ್ತ ಕೂಡಿದೆವು. ರಾತ್ರಿ ಎರಡೂವರೆಯ ಹೊತ್ತಿಗೆ ಗೇಟಿನ ಬಳಿ ಒಂದು ಆಕೃತಿ. ಬಿಳಿ ಅಂಗಿ. ಮುಖ ಇದೆ, ಆದರೆ ನೀರಿನಲ್ಲಿ ಅಲುಗಿದ ಹಾಗೆ. ಒಮ್ಮೆ ನೋಡಿದೆವು, ಹತ್ತು ಸಲ ನೋಡಿದೆವು. ನೋಡನೋಡುತ್ತ ಆ ಮುಖ ಸ್ಪಷ್ಟವಾಗುತ್ತ ಹೋಯಿತು. ಯಂತ್ರದಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗುತ್ತಿದ್ದುದು ನಮ್ಮ ಮನಸ್ಸು. "ಬಿಳಿ ಅಂಗಿ ಅಲ್ಲೇನು?" ಎಂದರೊಬ್ಬರು. "ನಡಿಗೀ ನೋಡ್ರಿ" ಎಂದರು ಇನ್ನೊಬ್ಬರು. "ನಾಯಿ ಯಾಕ ಬೊಗಳಲಿಲ್ಲ? ಗುರುತಿನವನ ಇರಬೇಕು" ಎಂದರು ಕಾಕಾ. ಅಷ್ಟರಲ್ಲಿ ಯಾರ ಬಾಯಿಂದ ಮೊದಲು ಹೊರಟಿತೋ, ಒಂದು ಹೆಸರು ಬಂದುಬಿಟ್ಟಿತು.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ತಂದೆ ನಮ್ಮ ತಂದೆಯವರ ಕಾಲದಿಂದ ತೋಟದಲ್ಲಿ ದುಡಿದವರು. ಹುಡುಗ ನಮ್ಮ ಕಣ್ಣೆದುರಿಗೇ ಬೆಳೆದವನು. ಯಾವಾಗಲೂ ಬಿಳಿ ಅಂಗಿ ತೊಡುತ್ತಿದ್ದ, ಅದೊಂದೇ ಅವನ ಅಪರಾಧ. ಅವನನ್ನು ಕರೆಸಿ ಪಡಸಾಲೆಯಲ್ಲಿ ನಾಲ್ಕು ಜನರ ಮುಂದೆ ನಿಲ್ಲಿಸಿ, ರಾತ್ರಿ ಎಲ್ಲಿದ್ದೆ ಎಂದು ಕೇಳಿದೆವು. "ಊರಾಗ ಇರಲಿಲ್ರಿ" ಎಂದ. ಮೊಬೈಲನ್ನು ಅವನ ಮುಂದೆ ಹಿಡಿದೆವು. ಬಹಳ ಹೊತ್ತು ನೋಡಿದ. "ಇದು ನಾ ಅಲ್ರಿ" ಎಂದ. ಮತ್ತೆ ಮಾತಾಡಲಿಲ್ಲ, ಹೊರಟುಹೋದ. ಮಾತಾಡದೆ ಹೋದದ್ದನ್ನೂ ನಾವು ಸಾಕ್ಷಿಯ ಲೆಕ್ಕಕ್ಕೇ ಹಿಡಿದೆವು.

ನಾಲ್ಕನೆಯ ದಿನ ಅವನ ಭಾವ ಮಿರಜಿನ ಆಸ್ಪತ್ರೆಯ ಕಾಗದ ಹಿಡಿದು ಬಂದರು. ಅಮಾವಾಸ್ಯೆಯ ರಾತ್ರಿ ಹುಡುಗನ ಅಕ್ಕನಿಗೆ ಹೆರಿಗೆ ಕಷ್ಟವಾಗಿ ಮಿರಜಿಗೆ ಒಯ್ದಿದ್ದರು. ರಕ್ತ ಕೊಟ್ಟವನು ಇವನೇ. ಕಾಗದದ ಮೇಲೆ ಅವನ ಸಹಿ, ಸಮಯ ಎಲ್ಲ ಇತ್ತು. ಭಾವ ಒಂದು ಕಟು ಮಾತೂ ಆಡಲಿಲ್ಲ. ಕಾಗದ ತೋರಿಸಿ, ಮಡಚಿ ಕಿಸೆಗಿಟ್ಟುಕೊಂಡು, ಕೊಟ್ಟ ನೀರು ಕುಡಿಯದೆ ನಡೆದರು.

ನಮ್ಮ ಅವ್ವ ಅಂದು ಸಂಜೆ ಊಟ ಮಾಡಲಿಲ್ಲ. "ಹಣ್ಣು ಹೋದೂ ಅಂತ ನೀವು ಅಳಾಕತ್ತೀರಿ. ಅವನ ಮಾನ ಒಯ್ದವರು ಯಾರು?" ಎಂದರು. ಮರುದಿನ ತಾವೇ ಅವರ ಮನೆಗೆ ಹೋಗಿ ಬಂದರು. ಹಿಂದಿನಿಂದ ನಾವೂ ಹೋದೆವು. ತಂದೆ ಕೆಲಸಕ್ಕೆ ಬರುವುದನ್ನು ಬಿಡಲಿಲ್ಲ. ಹುಡುಗ ಮಾತ್ರ ಬೇರೆ ಕಡೆ ದುಡಿಯಲು ಹೋದವನು ಒಂದು ವರ್ಷ ಊರಿಗೆ ಬರಲಿಲ್ಲ. ಹಣ್ಣು ಒಯ್ದವರು ಯಾರೆಂದು ಇಂದಿನವರೆಗೂ ಗೊತ್ತಾಗಿಲ್ಲ.

ಇದಾದ ಮೇಲೆ ಕ್ಯಾಮರಾ ಕಿತ್ತೊಗೆಯೋಣ ಎಂಬುದು ಮನೆಯಲ್ಲಿ ಒಂದು ಮತ. ಇನ್ನೂ ಒಳ್ಳೆಯದನ್ನು ತರೋಣ ಎಂಬುದು ಇನ್ನೊಂದು. ಎರಡನೆಯ ಮತ ಗೆದ್ದಿತು. ಅಂಗಡಿಯವರು ಈ ಸಲ "ರಾತ್ರಿಯೂ ಬಣ್ಣದ ಚಿತ್ರ" ಎಂದು ಒಂದನ್ನು ಕೊಟ್ಟರು. ಹೌದು, ಬಣ್ಣ ಬಂತು. ಹೇಗೆ ಬಂತೆಂದರೆ ಕ್ಯಾಮರಾದಲ್ಲೇ ಒಂದು ಬಿಳಿ ದೀಪವಿತ್ತು. ಹೊತ್ತು ಮುಳುಗಿದರೆ ತಾನಾಗಿ ಹತ್ತಿಕೊಂಡು ಬೆಳಗಿನವರೆಗೂ ಉರಿಯುತ್ತಿತ್ತು. ಬೇಸಿಗೆಯಲ್ಲಿ ತೊಂದರೆ ತಿಳಿಯಲಿಲ್ಲ. 2023ರ ಮಳೆಗಾಲ ಬಂತು ನೋಡಿ, ಮೊದಲ ಹದ ಮಳೆಗೆ ಎಲ್ಲಿದ್ದವೋ ಹುಳಗಳೆಲ್ಲ ಆ ದೀಪಕ್ಕೆ ಮುತ್ತಿದವು. ರೆಕ್ಕೆ ಹುಳ, ಪತಂಗ, ಸಣ್ಣ ಹಸಿರು ಜೀವಗಳು. ಹಲ್ಲಿಗಳು ಗೋಡೆಯ ಮೇಲೆ ಪಾಳಿ ಹಿಡಿದವು. ಬೆಳಿಗ್ಗೆ ಪಡಸಾಲೆಯ ಕಟ್ಟೆಯ ಮೇಲೆ ಒಂದು ಪದರು.

ಅವ್ವ ಮೆತ್ತನೆಯ ಕಸಬರಿಗೆ ಹಿಡಿದು, ಜೀವವಿರುವುದನ್ನು ಬೇರೆ ಮಾಡಿ, ಗಿಡದ ಬುಡಕ್ಕೆ ಬಿಟ್ಟು, ಉಳಿದದ್ದನ್ನು ಗುಡಿಸುತ್ತಿದ್ದರು. ಹೀಗೆ ಐದಾರು ದಿನ. ಒಂದು ದಿನ ಕಸಬರಿಗೆ ಬದಿಗಿಟ್ಟು ಕೇಳಿದರು: "ತಮ್ಮಾ, ಒಬ್ಬ ಕಳ್ಳನ ಸಲುವಾಗಿ ದಿನಾ ಇಷ್ಟು ಜೀವ ಹೋಗಬೇಕೇನು?"

ಗೃಹಸ್ಥನು ತನ್ನ ಮನೆಮಾರು ಕಾಯುವಾಗ ಆಗುವ ವಿರೋಧೀ ಹಿಂಸೆಯನ್ನು ಪೂರ್ತಿ ಬಿಡಲಾರ, ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕು ಎಂದು ನಾವೆಲ್ಲ ಪಾಠಶಾಲೆಯಲ್ಲಿ ಕಲಿತವರೇ. ಆದರೆ ವಿರೋಧಕ್ಕೆ ಬಂದವನು ಕಳ್ಳ. ಪತಂಗ ನಮ್ಮೊಡನೆ ಏನು ವಿರೋಧ ಕಟ್ಟಿಕೊಂಡಿತ್ತು? ಪತಂಗ ಕಣ್ಣಿನ ಇಂದ್ರಿಯಕ್ಕೆ ಸೋತು ದೀಪಕ್ಕೆ ಬೀಳುತ್ತದೆಂದು ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆ ದೀಪವನ್ನು ಕೈಯಾರೆ ಹಚ್ಚಿಟ್ಟವರು ನಾವಾಗಿದ್ದೆವು. ಅಂದೇ ದೀಪ ಆರಿಸಿದೆವು. ದೀಪ ಆರಿದ ಮೇಲೆ ಅದರ ಚಿತ್ರ ಮೊದಲಿನದಕ್ಕಿಂತ ಕಪ್ಪು.

ಆ ವರ್ಷ ದೀಪಾವಳಿಗೆ ನಮ್ಮ ತಂಗಿಯ ಮಗ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಅಮಾವಾಸ್ಯೆಯ ಹಳೆಯ ಚಿತ್ರವನ್ನು ಅವನಿಗೆ ತೋರಿಸಿದೆವು. ಅವನು ನೋಡಿ ನಗಲಿಲ್ಲ, ಒಂದು ಹಾಳೆ, ಪೆನ್ನು ಕೇಳಿದ. ಅವನು ಅಂದು ಬರೆದು ತೋರಿಸಿದ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಇದೊಂದು ತಿಳಿದರೆ ಕ್ಯಾಮರಾ ಆರಿಸುವ ಅರ್ಧ ಕೆಲಸ ಮುಗಿದಂತೆ.

ಕ್ಯಾಮರಾದ ಚಿತ್ರವೆಂದರೆ ಚುಕ್ಕೆಗಳ ರಂಗೋಲಿ. ಪಿಕ್ಸೆಲ್ ಎಂದು ಅವಕ್ಕೆ ಹೆಸರು. ನಮ್ಮ ಮೊದಲ ಕ್ಯಾಮರಾ 2 ಮೆಗಾಪಿಕ್ಸೆಲ್‌ನದು. ಅದರ ಚಿತ್ರದಲ್ಲಿ ಎಡದಿಂದ ಬಲಕ್ಕೆ 1920 ಚುಕ್ಕೆಗಳು. ಅದರ ಲೆನ್ಸು 2.8 ಮಿಲಿಮೀಟರಿನದು, ಅಂದರೆ ಬಹಳ ಅಗಲವಾಗಿ ನೋಡುವಂಥದು, ಸುಮಾರು 100 ಡಿಗ್ರಿ. ಅಗಲವಾಗಿ ನೋಡುವ ಕಣ್ಣಿಗೆ 20 ಮೀಟರು ದೂರದಲ್ಲಿ ಸುಮಾರು 48 ಮೀಟರು ಅಗಲದ ನೆಲ ಕಾಣುತ್ತದೆ. ಆ 48 ಮೀಟರಿಗೆ 1920 ಚುಕ್ಕೆ ಹಂಚಿದರೆ ಮೀಟರಿಗೆ 40. ಮನುಷ್ಯನ ಮುಖದ ಅಗಲ ಹೆಚ್ಚೆಂದರೆ 16 ಸೆಂಟಿಮೀಟರು. ಹಾಗಾದರೆ ಗೇಟಿನ ಬಳಿ ನಿಂತವನ ಮುಖಕ್ಕೆ ಎಷ್ಟು ಚುಕ್ಕೆ ಬಂದವು?

ಆರು.

ಆರು ಚುಕ್ಕೆಗಳನ್ನು ನೋಡಿ ನಾವು ಒಬ್ಬನನ್ನು ಕಳ್ಳನೆಂದಿದ್ದೆವು. ಹಾಳೆಯ ಮೇಲೆ ಆ ಅಂಕಿ ಬಿದ್ದಾಗ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ.

ಈ ವಿಷಯಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆಯಂತೆ; ಐ.ಇ.ಸಿ. 62676 ಎಂದು ಅದರ ಸಂಖ್ಯೆ. ಅದರ 2014ರ ಆವೃತ್ತಿಯ ಪ್ರಕಾರ ಯಾರೋ ಬಂದಿದ್ದಾರೆ ಎಂದು ತಿಳಿಯಲು ಮೀಟರಿಗೆ 25 ಚುಕ್ಕೆ ಸಾಕು. ಮೊದಲೇ ಪರಿಚಯವಿರುವವನನ್ನು ಗುರುತಿಸಲು 125 ಬೇಕು. ಇವನೇ ಎಂದು ನಿಶ್ಚಯವಾಗಿ ಹೇಳಲು 250 ಬೇಕು. "30 ಮೀಟರು" ಎಂದು ಡಬ್ಬಿಯ ಮೇಲೆ ಬರೆದದ್ದು ಸುಳ್ಳೇನಲ್ಲ; ಅಷ್ಟು ದೂರದಲ್ಲಿ ಏನೋ ಅಲುಗಿತು ಎಂಬುದು ಕಾಣುತ್ತದೆ. ಆ ಏನೋ ಎಂಬುದು ಎಮ್ಮೆಯ ಕರುವೂ ಆಗಬಹುದು.

ಇನ್ನೊಂದು ಸಂಗತಿ ನಮ್ಮನ್ನು ಇದಕ್ಕಿಂತ ಹೆಚ್ಚು ಚುಚ್ಚಿತು. ಅಂದು ರಾತ್ರಿ ಹುಡುಗ ನಮ್ಮ ತಮ್ಮನ ಕಪ್ಪು ಸ್ವೆಟರು ತೊಡಿಸಿ ಅವನನ್ನು ಅಂಗಳದಲ್ಲಿ ನಿಲ್ಲಿಸಿದ. ಮೊಬೈಲಿನಲ್ಲಿ ನೋಡುತ್ತೇವೆ, ಸ್ವೆಟರು ಬೂದಿಯಂತೆ ಬಿಳುಪು! ಕತ್ತಲೆಯಲ್ಲಿ ಕ್ಯಾಮರಾ ತನ್ನ ಸುತ್ತಲಿನ ಪುಟ್ಟ ದೀಪಗಳಿಂದ ಅವಗೆಂಪು ಕಿರಣ ಬಿಟ್ಟು ನೋಡುತ್ತದೆ. ಈ ಕಿರಣ ನಮ್ಮ ಕಣ್ಣಿಗೆ ಕಾಣದು. 1800ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಅವರು ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಕ್ಕೆ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಅದು ಏರಿದ್ದರಿಂದ ಇದರ ಇರವು ತಿಳಿಯಿತು. ಅನೇಕ ಬಗೆಯ ಕಪ್ಪು ಬಟ್ಟೆಯ ಬಣ್ಣ ನಮ್ಮ ಕಣ್ಣಿನ ಬೆಳಕನ್ನು ನುಂಗಿದರೂ ಈ ಕಿರಣವನ್ನು ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಕಪ್ಪು ಬಟ್ಟೆ ಬೆಳ್ಳಗೆ ಕಾಣಬಹುದು. ಎಲ್ಲ ಕಪ್ಪೂ ಹಾಗಲ್ಲ. ನಮ್ಮ ಮನೆಯ ಕಪ್ಪು ಕಂಬಳಿ ಕಪ್ಪಾಗಿಯೇ ಕಂಡಿತು. ಅಂತೂ ಬಿಳಿ ಅಂಗಿಯ ಸಾಕ್ಷಿಯೂ ಹೋಯಿತು. ರಾತ್ರಿಯ ಕಪ್ಪು-ಬಿಳುಪು ಚಿತ್ರ ನೋಡಿ ಬಟ್ಟೆಯ ಬಣ್ಣ ಹೇಳುವವರಿದ್ದರೆ ದಯವಿಟ್ಟು ನಿಲ್ಲಿಸಿರಿ.

ಇನ್ನು ಮುಖ ನೀರಿನಲ್ಲಿ ಅಲುಗಿದಂತೆ ಕಂಡದ್ದೇಕೆ? ಬೆಳಕು ಸಾಲದಾಗ ಕ್ಯಾಮರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿನ ಹನ್ನೆರಡನೆಯ ಒಂದು ಪಾಲಿನಷ್ಟು ತೆರೆದಿತ್ತೆನ್ನಿ. ಅಷ್ಟರಲ್ಲಿ ಸಾಧಾರಣ ನಡಿಗೆಯ ಮನುಷ್ಯ 10 ಸೆಂಟಿಮೀಟರು ಮುಂದೆ ಹೋಗಿರುತ್ತಾನೆ. 16 ಸೆಂಟಿಮೀಟರಿನ ಮುಖ 10 ಸೆಂಟಿಮೀಟರು ಸವರಿಹೋದರೆ ಉಳಿಯುವುದೇನು? ಅದೇ ಕಣ್ಣು ಸೆಕೆಂಡಿನ ಐವತ್ತನೆಯ ಪಾಲಿನಷ್ಟೇ ತೆರೆದರೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಸವರುತ್ತದೆ, ಮುಖ ನಿಲ್ಲುತ್ತದೆ. ಆದರೆ ಅಷ್ಟು ಬೇಗ ಕಣ್ಣು ಮುಚ್ಚಬೇಕಾದರೆ ಅಷ್ಟರಲ್ಲೇ ಸಾಕಷ್ಟು ಬೆಳಕು ಸಿಕ್ಕಿರಬೇಕು.

ಬೆಳಕು ಹಿಡಿಯುವುದಕ್ಕೂ ನಮ್ಮ ಸೀಮೆಯವರು ಮಳೆ ಹಿಡಿಯುವುದಕ್ಕೂ ವ್ಯತ್ಯಾಸವಿಲ್ಲ. ತುಂತುರು ಮಳೆಯಲ್ಲಿ ಅಂಗಳದಲ್ಲಿ ಚೊಂಬು ಇಟ್ಟರೆ ತಳ ಒದ್ದೆಯಾದೀತು; ಅಗಲ ಬಾಯಿಯ ಬೋಗುಣಿ ಇಟ್ಟರೆ ಕುಡಿಯುವಷ್ಟು ನೀರು ಕೂಡೀತು. ಕ್ಯಾಮರಾದ ಒಳಗೆ ಬೆಳಕು ಬೀಳುವ ಸೆನ್ಸರು ಎಂಬ ಚಿಕ್ಕ ಬಿಲ್ಲೆಯೇ ಆ ಬೋಗುಣಿ. ಅದರ ಅಳತೆಯನ್ನು 1/2.8 ಇಂಚು, 1/1.8 ಇಂಚು ಎಂದು ಬರೆದಿರುತ್ತಾರೆ. ಕೆಳಗಿನ ಅಂಕಿ ಚಿಕ್ಕದಾದಷ್ಟೂ ಬಿಲ್ಲೆ ದೊಡ್ಡದು, 1/1.8ರದು 1/2.8ರದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಹರವಿನದು. ಲೆನ್ಸಿನ ಬಾಯಿಗೂ ಹಾಗೆಯೇ ಎಫ್ ಎಂಬ ಅಂಕಿಯಿದೆ. ಎಫ್ 1.0 ಇರುವ ಲೆನ್ಸು ಎಫ್ 2.0 ಇರುವುದಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಮೆಗಾಪಿಕ್ಸೆಲ್ ಎಷ್ಟು ಎಂದು. ಕೇಳಬೇಕಾದದ್ದೇ, ಆದರೆ ಚಿಕ್ಕ ಬಿಲ್ಲೆಯ ಮೇಲೆ 8 ಮೆಗಾಪಿಕ್ಸೆಲ್ ತುರುಕಿದರೆ ಒಂದೇ ತಟ್ಟೆಯಲ್ಲಿ ನೂರು ಸಣ್ಣ ಬಟ್ಟಲು ಜೋಡಿಸಿದ ಹಾಗೆ, ಪ್ರತಿ ಬಟ್ಟಲಿಗೂ ಒಂದೊಂದೇ ಹನಿ. ಹಗಲಿಗೆ ಚೆಂದ, ರಾತ್ರಿ ಮರಳು ಮರಳು. ರಾತ್ರಿಗಾಗಿ ಕೊಳ್ಳುವವರು ಸೆನ್ಸರು ಮತ್ತು ಎಫ್ ಅಂಕಿಯನ್ನು ಮೊದಲು ಕೇಳಿರಿ, ಮೆಗಾಪಿಕ್ಸೆಲ್ ಆಮೇಲೆ.

ಹುಳಗಳ ಪ್ರಶ್ನೆ ಇನ್ನೂ ಉಳಿಯಿತು. ಅವ್ವನಿಗೆ ಬೇಕಾದದ್ದು ಅದರ ಉತ್ತರವೇ. ಹೆಚ್ಚಿನ ಕೀಟಗಳ ಕಣ್ಣು ಎಳೆಯುವುದು ನೇರಳಾತೀತ, ನೀಲಿ, ಹಸಿರು ಬೆಳಕಿಗೆ. ಬಿಳಿ ದೀಪದಲ್ಲಿ ಇವುಗಳ ಪಾಲು ಬೇಕಾದಷ್ಟಿದೆ. ಅವಗೆಂಪು ಕಿರಣ ನಮಗೆ ಹೇಗೋ ಪತಂಗಕ್ಕೂ ಹಾಗೆಯೇ ಕಾಣದು. ಕ್ಯಾಮರಾಗಳಲ್ಲಿ ಇದು ಎರಡು ಬಗೆ: 850 ನ್ಯಾನೋಮೀಟರಿನದು ಹೆಚ್ಚು ದೂರ ಹೋಗುತ್ತದೆ, ನೇರ ದಿಟ್ಟಿಸಿದರೆ ಮಾತ್ರ ಸಣ್ಣ ಕೆಂಪು ಕಿಡಿ ಕಾಣುತ್ತದೆ. 940ರದು ಏನೂ ಕಾಣದು, ಆದರೆ ಸೆನ್ಸರಿಗೂ ಅದು ಮಬ್ಬು, ದೂರ ಸಾಲದು. ನಾವು 850ರದನ್ನೇ ಆರಿಸಿದೆವು. ಕಳ್ಳನಿಗೆ ಕೆಂಪು ಕಿಡಿ ಕಂಡರೆ ಕಾಣಲಿ. ಅವನು ಅದನ್ನು ನೋಡಿ ಹಿಂದಿರುಗಿದರೆ ಅವನಿಗೂ ಲಾಭ, ನಮಗೂ ಲಾಭ. ಈಚೆಗೆ ಎರಡೂ ದೀಪ ಇರುವ ಕ್ಯಾಮರಾ ಬಂದಿವೆ. ಯಾವಾಗಲೂ ಅವಗೆಂಪು, ಮನುಷ್ಯ ಬಂದಾಗಷ್ಟೇ ಬಿಳಿ ದೀಪ. ಬಣ್ಣದ ಚಿತ್ರ ಬೇಕೇ ಬೇಕೆಂಬುವರಿಗೆ ಅದು ಅನುಕೂಲ. ಮಳೆಗಾಲದಲ್ಲಿ ಬಿಳಿಯದನ್ನು ಬಂದ್ ಮಾಡುವ ಸೌಕರ್ಯ ಅದರಲ್ಲಿ ಇದೆಯೇ ಎಂದು ಮಾತ್ರ ಕೇಳಿ ಕೊಳ್ಳಿರಿ. ಅಂಗಳಕ್ಕೆ ಹೇಗೂ ಒಂದು ದೀಪ ಬೇಕೆನ್ನುವವರು ಬಿಳಿಯ ಬದಲು ಹಳದಿ ಬೆಳಕಿನ ಬಲ್ಬು ಹಾಕಿದರೆ ಹುಳ ಎಷ್ಟೋ ಕಡಿಮೆ ಬರುತ್ತವೆ. ನಮ್ಮ ಮನೆಯಲ್ಲೂ ಈಗ ಹಾಗೆಯೇ.

ಇಷ್ಟೆಲ್ಲ ತಿಳಿದರೂ ಕೊಂಡದ್ದು 2025ರಲ್ಲಿ. ನಡುವೆ ಒಂದು ಬಹಾರ ಕೈಕೊಟ್ಟಿತು, ಮನೆಯಲ್ಲಿ ಒಂದು ಮದುವೆಯಾಯಿತು. ತಡವಾದದ್ದರಿಂದ ಒಂದು ಒಳ್ಳೆಯದಾಯಿತು. ಕೇಂದ್ರ ಸರಕಾರ 2024ರಲ್ಲಿ ಹೊರಡಿಸಿದ ಆದೇಶದಂತೆ 2025ರ ಏಪ್ರಿಲ್ 9ರಿಂದ ದೇಶದಲ್ಲಿ ಮಾರಾಟಕ್ಕೆ ಬರುವ ಸಿಸಿಟಿವಿ ಕ್ಯಾಮರಾಗಳು ಭದ್ರತೆಯ ಪರೀಕ್ಷೆಯಲ್ಲಿ ಪಾಸಾಗಿರಬೇಕು, ಹೊರಗಿನವರು ಸುಲಭವಾಗಿ ಒಳನುಗ್ಗುವಂತಿರಬಾರದು. ಎಸ್.ಟಿ.ಕ್ಯೂ.ಸಿ. ಪ್ರಮಾಣಪತ್ರ ಇದೆಯೇ ಎಂದು ಕೇಳಿ ತಂದೆವು. ಬಂದ ದಿನವೇ ಕಂಪನಿಯ ಗುಪ್ತಪದ ತೆಗೆದು ನಮ್ಮದೇ ಹಾಕಿದೆವು. ಮನೆಯ ಅಂಗಳ ತೋರಿಸುವ ಯಂತ್ರದ ಬಾಗಿಲನ್ನು ಅಂಗಡಿಯಲ್ಲಿ ಬಂದ ಹಾಗೆಯೇ ತೆರೆದಿಟ್ಟವರು ನಮ್ಮ ನೆಂಟರಲ್ಲೇ ಎಷ್ಟು ಜನರೋ.

ಒಂದರ ಬದಲು ಎರಡು ಕ್ಯಾಮರಾ ತಂದೆವು, ಎರಡೂ 4 ಮೆಗಾಪಿಕ್ಸೆಲ್‌ನವು. ಅಂಗಳಕ್ಕೆಲ್ಲ ಅಗಲ ಲೆನ್ಸಿನದು; ಅದರ ಕೆಲಸ ಯಾರೋ ಬಂದರು ಎಂದು ಹೇಳುವುದಷ್ಟೇ. ಗೇಟಿಗೆ 6 ಮಿಲಿಮೀಟರ್ ಲೆನ್ಸಿನದು, ದೊಡ್ಡ ಸೆನ್ಸರು, ಎಫ್ 1.6. ಅದನ್ನು ಮನೆಯ ಗೋಡೆಗೆ ಹಾಕದೆ, ಗೇಟಿನಿಂದ 9 ಮೀಟರು ದೂರ ಒಂದು ಕಬ್ಬಿಣದ ಕಂಬ ನೆಟ್ಟು ಕೂರಿಸಿದೆವು. ಲೆಕ್ಕ ಈಗ ಹೀಗೆ: 9 ಮೀಟರು ದೂರದಲ್ಲಿ ಅದಕ್ಕೆ ಕಾಣುವ ಅಗಲ ಸುಮಾರು ಎಂಟೂವರೆ ಮೀಟರು, ಅಡ್ಡಕ್ಕೆ 2560 ಚುಕ್ಕೆ, ಮೀಟರಿಗೆ 300. ಮುಖಕ್ಕೆ ನಲವತ್ತೆಂಟು. ಮೊದಲನೆಯದರ ಮೂರು ಪಟ್ಟು ಹಣ ಹೋಯಿತು. ಅದರಲ್ಲಿ ಹೆಚ್ಚಿನದು ಕಂಬಕ್ಕೆ, ನೆಲದೊಳಗಿನ ವಾಯರಿಗೆ.

ಕೂರಿಸುವಾಗಲೂ ಎರಡು ಸಲ ಎಡವಿದೆವು. ಅಂಗಳದ ಕ್ಯಾಮರಾವನ್ನು ಹಳೆಯ ಜಾಗದಲ್ಲೇ, ಸುಣ್ಣ ಬಳಿದ ಸೂರಿಗೆ ತಾಗಿಸಿ ಹಾಕಿದೆವು. ರಾತ್ರಿ ಅದರ ಕಿರಣ ಹತ್ತಿರದ ಸುಣ್ಣಕ್ಕೆ ಬಡಿದು ಸೂರು ಹುಣ್ಣಿಮೆಯಂತೆ ಹೊಳೆದು ಅಂಗಳ ಕತ್ತಲೆಯಾಯಿತು. ಒಂದು ಮೊಳ ಮುಂದಕ್ಕೆ ತಂದ ಮೇಲೆ ಸರಿಹೋಯಿತು. ಗೇಟಿನ ಕ್ಯಾಮರಾವನ್ನು ಕೈಗೆಟುಕದಿರಲಿ ಎಂದು ಕಂಬದ ತುದಿಗೇರಿಸಿದೆವು. ಬಂದವರ ಬಿಳಿ ಟೊಪ್ಪಿಗೆಗಳು ಬಹಳ ಚೆನ್ನಾಗಿ ಕಂಡವು, ಕೆಳಗಿನ ಮುಖ ಕಾಣಲಿಲ್ಲ. ಎರಡೂವರೆ ಮೀಟರಿಗೆ ಇಳಿಸಿದೆವು. ಆಚೆ ಪಕ್ಕದ ವಸ್ತಿಯವರ ಬಚ್ಚಲು ಚಿತ್ರದ ಅಂಚಿನಲ್ಲಿ ಬರುತ್ತಿತ್ತು. ಅಷ್ಟು ಭಾಗಕ್ಕೆ ಕಪ್ಪು ಪರದೆ ಹಾಕುವ ಸೌಕರ್ಯ ಯಂತ್ರದಲ್ಲೇ ಇದೆ; ಹಾಕಿ, ಅವರ ಮನೆಯ ಅಕ್ಕನವರನ್ನೇ ಕರೆದು ತೋರಿಸಿದೆವು. ಕೇಳುವ ಮೊದಲೇ ತೋರಿಸಿದ್ದು ಒಳ್ಳೆಯದಾಯಿತು, ಅವರ ಮನಸ್ಸಿನಲ್ಲಿ ಆ ಮಾತು ಇದ್ದೇ ಇತ್ತು.

ಚಿತ್ರ ಕೂಡಿಡುವುದರ ಬಗ್ಗೆ ಒಂದೇ ಮಾತು. 4 ಮೆಗಾಬಿಟ್ ವೇಗದಲ್ಲಿ ಬಿಡದೆ ಮುದ್ರಿಸುವ ಒಂದು ಕ್ಯಾಮರಾ ದಿನಕ್ಕೆ 43 ಜಿಬಿ ತುಂಬುತ್ತದೆ. 128 ಜಿಬಿ ಕಾರ್ಡು ಮೂರು ದಿನಕ್ಕೆ ಮುಗಿದು ಹಳೆಯದರ ಮೇಲೆ ಹೊಸದು ಬೀಳುತ್ತದೆ. ಮದುವೆ, ಯಾತ್ರೆಗೆಂದು ವಾರಗಟ್ಟಲೆ ಮನೆ ಬಿಡುವವರು ಹಾರ್ಡ್ ಡಿಸ್ಕಿನ ರೆಕಾರ್ಡರನ್ನೇ ಇಡುವುದು ಮೇಲು. ನಮ್ಮಲ್ಲಿ ಕರೆಂಟು ಹೋಗದ ರಾತ್ರಿ ಅಪರೂಪ. ಎರಡು ಕ್ಯಾಮರಾ, ರೆಕಾರ್ಡರು ಎಲ್ಲ ಸೇರಿ ಎಳೆಯುವುದು ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು, ಮನೆಯ ಇನ್ವರ್ಟರಿಗೆ ಅದು ಭಾರವಲ್ಲ.

ಬಸದಿಗಳ ಕಮಿಟಿಯವರು ಕೆಲವರು ನಮ್ಮನ್ನು ಕೇಳಿದ್ದುಂಟು. 2013ರ ಜುಲೈ ತಿಂಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗಿನ ಸಂಕಟವನ್ನು ನಮ್ಮ ಸಮಾಜ ಮರೆತಿಲ್ಲ. ನಾವು ಹೇಳುವುದಿಷ್ಟೆ. ಒಳಗಿನ ಕ್ಯಾಮರಾದ ಚಿತ್ರದಲ್ಲಿ ನಂದಾದೀಪ ನೇರವಾಗಿ ಬರದಂತೆ ಕೂರಿಸಿರಿ. ಆ ಒಂದು ಜ್ಯೋತಿಗೆ ಕಣ್ಣು ಹೊಂದಿಸಿಕೊಂಡ ಕ್ಯಾಮರಾಕ್ಕೆ ಉಳಿದೆಲ್ಲ ಕತ್ತಲೆ. ಬಾಗಿಲಿಗೆ ಮುಖಕ್ಕಾಗಿ ಒಂದನ್ನು ಬೇರೆ ಇಡಿರಿ. ಮತ್ತು ರಾತ್ರಿ ಒಬ್ಬರನ್ನು ನಡೆಸಿ, ಚಿತ್ರ ನೋಡಿ, ಆಮೇಲೆ ಹಣ ಕೊಡಿರಿ. ಹಗಲು ಹನ್ನೆರಡು ಗಂಟೆಗೆ ಅಂಗಡಿಯವರು ತೋರಿಸುವ ಚಿತ್ರ ಎಲ್ಲ ಕ್ಯಾಮರಾದ್ದೂ ಸುಂದರವೇ.

ಅವಗೆಂಪಿಗೆ ಹುಳ ಮುತ್ತಲಿಲ್ಲ, ನಿಜ. ಆದರೆ ಜೇಡ ಬಂತು. ಲೆನ್ಸಿನ ಮುಂದೆ ಎಳೆದ ಒಂದೇ ಎಳೆ, ಕಿರಣ ಹತ್ತಿರದಿಂದ ಬಿದ್ದು, ಚಿತ್ರದಲ್ಲಿ ಹಗ್ಗದಂತೆ ಹೊಳೆಯುತ್ತದೆ. ಗಾಳಿಗೆ ಅಲುಗಿದರೆ ಮೊಬೈಲು ಕಳ್ಳ ಬಂದನೆಂದು ಕೂಗುತ್ತದೆ. ಜೇಡಕ್ಕೆ ಔಷಧ ಹೊಡೆಯಿರಿ ಎಂದರು ಅಂಗಡಿಯವರು. ಆ ಮಾತನ್ನು ಅವ್ವನ ಮುಂದೆ ಎತ್ತಲಿಲ್ಲ. ಬಣ್ಣ ಬಳಿಯುವ ಮೆತ್ತನೆಯ ಕುಂಚವನ್ನು ಕೋಲಿಗೆ ಕಟ್ಟಿ ಎಂಟು ದಿನಕ್ಕೊಮ್ಮೆ ಬಲೆ ತೆಗೆಯುತ್ತೇವೆ. ಜೇಡ ಬೇಲಿಗೆ ಹೋಗುತ್ತದೆ, ಮತ್ತೆ ಬರುತ್ತದೆ. ಜತ್ತ ಸೀಮೆಯ ಧೂಳನ್ನು ಒರೆಸುವ ಕೆಲಸವೂ ಅದರೊಂದಿಗೇ ಆಗುತ್ತದೆ.

ರಾತ್ರಿ ಒಬ್ಬರನ್ನು ನಡೆಸಿ ನೋಡಿರಿ ಎಂದೆವಲ್ಲ. ನಮ್ಮ ಮನೆಯಲ್ಲಿ ಅದು ನಡೆದದ್ದು ಹೀಗೆ. ಆ ಹುಡುಗ 2024ರಲ್ಲಿ ಊರಿಗೆ ಮರಳಿದ್ದ. ಅವ್ವನೇ ಹೇಳಿಕಳಿಸಿದ್ದರು, ಮತ್ತೆ ತೋಟಕ್ಕೆ ಬರತೊಡಗಿದ್ದ. ಕೆಲಸದಷ್ಟೇ ಮಾತು, ಹೆಚ್ಚಿಲ್ಲ. ಕಂಬಕ್ಕೆ ಗುಂಡಿ ತೋಡಿದವನೂ ಅವನೇ. ಕ್ಯಾಮರಾ ಕೂತ ದಿನ ಅಮಾವಾಸ್ಯೆಗೆ ಒಂದೆರಡು ದಿನವಿತ್ತು, ಒಳ್ಳೆಯ ಕತ್ತಲೆ. ಗೇಟಿನಿಂದ ನಡೆದು ಬರಲು ನಮ್ಮ ತಮ್ಮ ಹೊರಟ. ಹುಡುಗ ಕೈಯಲ್ಲಿದ್ದ ಪಕ್ಕಡ ಕೆಳಗಿಟ್ಟ.

"ನೀವು ಬ್ಯಾಡ್ರಿ ಅಣ್ಣಾರ. ನಾ ನಡೀತೀನಿ" ಎಂದ.

ಯಾರೂ ಬೇಡ ಎನ್ನಲಿಲ್ಲ. ಗೇಟಿನ ಹೊರಗೆ ಹೋಗಿ, ಅಗುಳಿ ತೆಗೆದು, ಒಳಗೆ ಬಂದು, ತನ್ನ ಎಂದಿನ ನಡಿಗೆಯಲ್ಲಿ ನಡೆದು ಪಡಸಾಲೆಗೆ ಬಂದ. ಅಂದೂ ಬಿಳಿ ಅಂಗಿಯೇ. ಮೊಬೈಲನ್ನು ನಾವು ನೋಡುವ ಮೊದಲು ಅವನ ಕೈಗೆ ಕೊಟ್ಟೆವು. ಚಿತ್ರವನ್ನು ನಿಲ್ಲಿಸಿ, ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಹುಬ್ಬಿನ ಮೇಲಿನ ಚಿಕ್ಕಂದಿನ ಗಾಯದ ಗುರುತು ಸಹ ಕಾಣುತ್ತಿತ್ತು. ದಾಳಿಂಬೆ ಮುಳ್ಳಿನದು, ಆಗ ಅರಿಶಿಣ ಹಚ್ಚಿದವರು ನಮ್ಮ ಅವ್ವ.

"ಈಗ ನಾ ಅಂತ ಗೊತ್ತಾಗತದ" ಎಂದು ಮೊಬೈಲು ಹಿಂದಕ್ಕೆ ಕೊಟ್ಟ. ಅವ್ವ ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟರು. ಅವನು ಎತ್ತಿ ಕುಡಿದ.